ಕಸ ಗುಡಿಸೋಕೆ ಇಸ್ತ್ರಿ ಶರ್ಟು

ಕೊಲಂಬಿಯಾ, ಮೇರಿಲ್ಯಾಂಡ್
೯ ಅಕ್ಟೋಬರ್ ೨೦೨೨

ಪ್ರಿಯ ತ್ಯಾಗರಾಜ,

ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ. ಚೆನ್ನಾಗಿಲ್ಲ ಎಂದು ಬರೆದರೆ ಓದಿ ಹೇಳುವ ನಿನ್ನ ಸೊಸೆ ಶ್ರೀಲತಾ ಗಾಬರಿಯಾಗುತ್ತಾಳೆ. ಆದ್ದರಿಂದ ಇಲ್ಲಿ ಮೊಸರು ಗಟ್ಟಿಯಾಗಿ ಹೆಪ್ಪಾಗುತ್ತಿದೆ ಎಂದಷ್ಟೇ ಬರೆಯುತ್ತೇನೆ. ಉಳಿದದ್ದನ್ನು ನೀನೇ ತಿಳಿದುಕೊ.

ಗ್ಲಾಕೋಮಾ ನಿನ್ನ ಎರಡನೆಯ ಕಣ್ಣನ್ನೂ ತೆಗೆದುಕೊಂಡ ಮೇಲೆ ನೀನು ಫೋನಿನಲ್ಲಿ ಅಂದ ಮಾತು ನನ್ನ ತಲೆಯಲ್ಲೇ ಕೂತಿದೆ. "ನಂಗೆ ಇನ್ನೇನೂ ಬೇಡ ಕಣೋ, ಸಿನಿಮಾ ನೋಡ್ಬೇಕು. ಟೀವೀಲಿ ಕಣ್ಣಿಲ್ಲದವರಿಗೆ ವಿವರಣೆ ಕೊಡೋ ಹೆಂಗಸು ಹವಾಮಾನ ವರದಿ ಓದಿದ ಹಾಗೆ ಓದ್ತಾಳೆ. ನೀನು ಹೇಳು, ಗೌರಾಬಾಯಿ ಹೇಳ್ತಿದ್ದ ಹಾಗೆ. ಫೋನಲ್ಲಿ ಬೇಡ, ನಿನ್ನ ಮಾತು ಎಲ್ಲೆಲ್ಲಿಗೋ ಹೊರಟುಹೋಗತ್ತೆ. ಬರಿ." ಬರೆದರೂ ಎಲ್ಲೆಲ್ಲಿಗೋ ಹೋಗುತ್ತೇನೆ ಎಂಬುದು ನಿನಗೆ ಗೊತ್ತಿಲ್ಲದ್ದೇನಲ್ಲ.

ಶ್ರೀಲತಾ, ನಿನ್ನ ಮಾವ ನಗುವುದನ್ನು ನಿಲ್ಲಿಸಲಿ, ನಿನಗೊಂದು ಮಾತು ಹೇಳಬೇಕಮ್ಮ. ಮೈಸೂರಿನಲ್ಲಿ ನಾವಿಬ್ಬರೂ ಬೆಳೆದ ವಠಾರದಲ್ಲಿ ಗೌರಾಬಾಯಿ ಎಂಬಾಕೆ ಇದ್ದರು. ಹೊಸ ಸಿನಿಮಾ ಬಂದರೆ ವಠಾರದ ಎಲ್ಲರಿಗೂ ಹೋಗಲಾಗುತ್ತಿರಲಿಲ್ಲ. ಆಕೆ ಮ್ಯಾಟಿನಿಗೆ ಹೋಗಿಬಂದು, ಸಂಜೆ ಅಕ್ಕಿ ಆರಿಸುತ್ತ ಕೂತು, ಇಡೀ ಸಿನಿಮಾ ಹೇಳುತ್ತಿದ್ದರು. ಹಾಡು ಬಂದರೆ ಹಾಡುತ್ತಿದ್ದರು, ಕುದುರೆ ಬಂದರೆ ಮೊರದ ಮೇಲೆ ಬೆರಳಲ್ಲೇ ಕುದುರೆ ಓಡಿಸುತ್ತಿದ್ದರು. ಅವರ ಬಾಯಲ್ಲಿ ಯಾವ ನಾಯಕಿಯೂ ಸಾಯುತ್ತಿರಲಿಲ್ಲ. ಆಮೇಲೆ ನಾವೇ ಟಾಕೀಸಿಗೆ ಹೋಗುವಷ್ಟು ದೊಡ್ಡವರಾಗಿ, ಅದೇ ಸಿನಿಮಾ ಮತ್ತೆ ಬಂದಾಗ ನೋಡಿದರೆ ನಾಯಕಿ ಸತ್ತೇಹೋದಳು! ಇವರು ಕೊನೆಯ ರೀಲು ಕದ್ದಿದ್ದಾರೆ ಎಂದು ನಿನ್ನ ಮಾವ ಗೇಟ್‌ಕೀಪರನ ಅಂಗಿಯ ಪಟ್ಟಿ ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದೆ ಅಟ್ಲಾಂಟಾದಲ್ಲಿ ಹಾರ್ಟ್ ಡಾಕ್ಟರಾದದ್ದು ಇದೇ ಮನುಷ್ಯ.

ಇರಲಿ. ಸಿನಿಮಾ.

ಮಗಳು ನೀತಾಳ ಮನೆಯ ಬೇಸ್‌ಮೆಂಟಿನಲ್ಲಿ ಉವೇರಾ ಎಂಬ ಹುಡುಗಿ ಬಾಡಿಗೆಗೆ ಇದ್ದಾಳೆ. ಆಫ್ರಿಕಾದ ರುವಾಂಡ ದೇಶದವಳು. ಸಿಲ್ವರ್ ಸ್ಪ್ರಿಂಗ್‌ನ ಒಂದು ಕಂಪನಿಯಲ್ಲಿ ವಿಡಿಯೊ ಎಡಿಟಿಂಗ್ ಮಾಡುತ್ತಾಳೆ, ಉಳಿದ ಹೊತ್ತಿನಲ್ಲಿ ತನ್ನದೇ ಸಿನಿಮಾ. ನನ್ನನ್ನು 'ಮುಜೇಹೆ' ಎನ್ನುತ್ತಾಳೆ. ಅವರ ಕಡೆ ಹಿರಿಯರನ್ನು ಹಾಗೆ ಕರೆಯುತ್ತಾರಂತೆ. ನಾನು ಬಂದ ಹೊಸದರಲ್ಲಿ ಈ ಚಳಿಗೆ ಹಾಲು ಹಾಲಾಗಿಯೇ ಕೂತಿರುತ್ತಿತ್ತು. ಒಂದು ಬೆಳಿಗ್ಗೆ ಅವಳೇ ಒಂದು ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಅವರಲ್ಲೂ ಹಾಲಿಗೆ ಹೆಪ್ಪು ಹಾಕಿ ಕುಡಿಯುತ್ತಾರೆ, ಊರಿನಲ್ಲಿ ಅದಕ್ಕೆಂದೇ ಅಂಗಡಿಗಳಿವೆಯಂತೆ. ಅವಳ ಹೆಪ್ಪಿನಿಂದ ನನ್ನ ಮೊಸರು ಆಯಿತು. ನನ್ನ ನಳಿನಿ ತೀರಿಹೋದ ಮೇಲೆ ಸರಿಯಾದ ಮೊಸರನ್ನ ತಿಂದದ್ದು ಅವತ್ತೇ. ಈ ಋಣವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಬಿ.ಎ.ಯಲ್ಲಿ ಆಪ್ಷನಲ್ ಇಂಗ್ಲಿಷ್ ಓದಿದವನು, "ಐ ಆಮ್ ಗ್ರೇಟ್‌ಫುಲ್ ಟು ಯುವರ್ ಕರ್ಡ್ಸ್" ಎಂದೆ. ಅವಳು ಮೆಟ್ಟಿಲ ಮೇಲೆ ಕೂತುಕೊಂಡು ನಕ್ಕಳು.

ಅವಳ ಸಿನಿಮಾದ ಹೆಸರು 'ಕೊನೆಯ ಶನಿವಾರ'. ನೀತಾಳ ಟೀವಿಯಲ್ಲಿ ತೋರಿಸಿದಳು. ಮಾತು ಕಡಿಮೆ. ಈಗ ಗೌರಾಬಾಯಿಯಾಗುತ್ತೇನೆ, ಕೇಳು.

ಕಿಗಾಲಿ ಎಂಬ ಊರು. ಎಲ್ಲಿ ನೋಡಿದರೂ ಗುಡ್ಡ. ಕೆಂಪು ಮಣ್ಣಿನ ಏರುರಸ್ತೆ, ಎರಡೂ ಕಡೆ ಮನೆ. ಗಾಸ್ಪಾರ್ ಎಂಬ ಮುದುಕ, ನಮ್ಮ ವಯಸ್ಸು ಎಂದುಕೊ. ಆ ದೇಶದಲ್ಲಿ ತಿಂಗಳ ಕೊನೆಯ ಶನಿವಾರ ಎಲ್ಲರೂ ಬೀದಿಗಿಳಿದು ಊರನ್ನು ಚೊಕ್ಕಟ ಮಾಡಬೇಕು, ಮಂತ್ರಿಯಿಂದ ಹಿಡಿದು. ಮುದುಕ ಬೆಳಿಗ್ಗೆ ಎದ್ದು ಗಡ್ಡ ಬೋಳಿಸಿಕೊಳ್ಳುತ್ತಾನೆ. ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಿ ಊದುತ್ತಾನೆ. ನೀಲಿ ಗೆರೆಯ ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಾನೆ, ಕಾಲರಿನ ಒಳಗೂ. ತಲೆ ಬಾಚಿ, ಪೊರಕೆ ಹಿಡಿದು ಹೊರಗೆ ಬರುತ್ತಾನೆ. ಬೀದಿಯವರೆಲ್ಲ ಹಳೆಯ ಬಟ್ಟೆಯಲ್ಲಿದ್ದಾರೆ. ತನ್ನ ಮನೆಯ ಮುಂದೆ ಎರಡು ಸಲ ಪೊರಕೆ ಆಡಿಸಿ ಮುಗಿಸುತ್ತಾನೆ. ಆಮೇಲೆ ಪಕ್ಕದ ಮನೆ. ನೀಲಿ ಗೇಟು, ದೊಡ್ಡ ಬೀಗ. ಅದರ ಮುಂದೆ ನಿಧಾನವಾಗಿ, ಹೂಕುಂಡ ಸರಿಸಿ ಅದರ ಹಿಂದೆಯೂ ಗುಡಿಸಿ, ನೀರು ಚಿಮುಕಿಸಿ, ಗೇಟಿನ ಧೂಳನ್ನು ಕರ್ಚೀಫಿನಿಂದ ಒರೆಸುತ್ತಾನೆ. ಅಕ್ಕಪಕ್ಕದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮುಂದಿನ ತಿಂಗಳೂ ಹಾಗೆಯೇ. ಅದರ ಮುಂದಿನ ತಿಂಗಳು ಮಳೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಪೊರಕೆ. ಕೊನೆಗೆ ಗುಡಿಸಿ ಮುಗಿಸಿ, ಆ ಬೀಗದ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು, ಜೇಬಿನಿಂದ ಬಾಚಣಿಗೆ ತೆಗೆದು ಇನ್ನೊಮ್ಮೆ ತಲೆ ಬಾಚಿ, ರಸ್ತೆಯ ಕೆಳಗಿನ ತಿರುವನ್ನು ನೋಡುತ್ತಾನೆ. ನೋಡುತ್ತಲೇ ಇರುತ್ತಾನೆ.

ಮುಗಿಯಿತು. ಅಷ್ಟೇ ಸಿನಿಮಾ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಉವೇರಾ ನನ್ನ ಮುಖವನ್ನೇ ನೋಡುತ್ತಿದ್ದವಳು ಏನೋ ಕೇಳಲು ಹೊರಟು, ಟೀವಿ ಆರಿಸಿ ಎದ್ದಳು.

ನಿನ್ನ,
ರಘುನಾಥ


ಬ್ಯಾಲಂಟೈನ್, ಶಾರ್ಲಟ್
೩೦ ಅಕ್ಟೋಬರ್ ೨೦೨೨

ಲೋ ರಘು,

ನಾನು ಹೇಳಿದ್ದನ್ನು ಶ್ರೀಲತಾ ಬರೆಯುತ್ತಿದ್ದಾಳೆ. ಬೈಗುಳಗಳನ್ನು ಅವಳು ಬರೆಯುವುದಿಲ್ಲವಂತೆ. (ಹೌದು ಅಂಕಲ್, ಎರಡು ಬಿಟ್ಟಿದ್ದೇನೆ.)

ನಿನ್ನ ಸಿನಿಮಾ ನೋಡಿದೆ. ನೋಡಿದೆ ಎಂದೇ ಹೇಳುತ್ತೇನೆ. ಕೆಂಪು ರಸ್ತೆ, ನೀಲಿ ಗೇಟು ಕಂಡಿತು. ಕಣ್ಣು ಹೋದ ಮೇಲೆ ಇಷ್ಟು ಚೊಕ್ಕವಾಗಿ ಏನೂ ಕಂಡಿರಲಿಲ್ಲ. ಥ್ಯಾಂಕ್ಸ್ ಅನ್ನುವುದಿಲ್ಲ, ನಿನಗೆ ತಲೆ ತಿರುಗುತ್ತದೆ.

ಆದರೆ ಇಲ್ಲೊಂದು ಗಲಾಟೆಯಾಗಿದೆ. ಶ್ರೀಲತಾ ಓದುವಾಗ ಪಕ್ಕದ ಬಡಾವಣೆಯ ರಾಜಲಕ್ಷ್ಮಿ ಚಕ್ಕುಲಿ ಕೊಡಲು ಬಂದವರು ಕೂತುಕೊಂಡರು. ಮುಂದಿನ ಭಾನುವಾರ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬಂದು ಮತ್ತೆ ಓದಿಸಿದರು. ಈಗ ಎಲ್ಲರದ್ದೂ ಒಂದೇ ಪ್ರಶ್ನೆ. "ಆ ಮನೆ ಯಾರದ್ರೀ? ಯಾಕೆ ಬೀಗ? ಡಾಕ್ಟ್ರೇ, ನಿಮ್ಮ ಫ್ರೆಂಡನ್ನ ಕೇಳಿ, ಹೀಗೆ ಅರ್ಧಕ್ಕೇ ಬಿಟ್ರೆ ನಂಗೆ ನಿದ್ದೆ ಬರಲ್ಲ." ಕೇಳಿ ಬರಿ.

ನನ್ನದು ಬೇರೆ ಪ್ರಶ್ನೆ. ಕಸ ಗುಡಿಸೋಕೆ ಇಸ್ತ್ರಿ ಶರ್ಟು ಯಾಕೋ?

ತ್ಯಾಗರಾಜ

(ಅಂಕಲ್, ಮಾವ ಬಹಳ ದಿನಗಳ ಮೇಲೆ ಎರಡು ತಟ್ಟೆ ಊಟ ಮಾಡಿದರು. ಇನ್ನೊಂದು ಸಿನಿಮಾ ಕಳಿಸಿ, ಪ್ಲೀಸ್. — ಶ್ರೀಲತಾ)


ಕೊಲಂಬಿಯಾ
೧೩ ನವೆಂಬರ್ ೨೦೨೨

ಪ್ರಿಯ ತ್ಯಾಗರಾಜ,

ಎರಡು ತಟ್ಟೆ ಊಟದ ಸುದ್ದಿಯನ್ನು ನೀತಾಳಿಗೆ ಓದಿ ಹೇಳಿದೆ. ನನಗೂ ಒಂದು ಕೆಲಸವಿದೆ ಎಂದು ಅನ್ನಿಸಿ ಎಷ್ಟು ಕಾಲವಾಗಿತ್ತೋ. ರೇಲ್ವೆ ಕಚೇರಿಯಿಂದ ರಿಟೈರಾದ ದಿನ ಹಾರ ಹಾಕಿಸಿಕೊಂಡು ಬಂದವನು, ಅಲ್ಲಿಂದ ಈಚೆಗೆ ನನ್ನಿಂದ ಯಾರಿಗೆ ಏನಾಗಬೇಕಾಗಿತ್ತು ಹೇಳು.

ರಾಜಲಕ್ಷ್ಮಿಯವರ ಪ್ರಶ್ನೆ. ಉವೇರಾ ಹೊಸ ಚಿತ್ರದ ಕೆಲಸಕ್ಕೆಂದು ಊರಿಗೆ ಹೋಗಿದ್ದಾಳೆ, ಬರುವುದು ಫೆಬ್ರವರಿಗೆ. ಕೇಳಲು ಅವಳಿಲ್ಲ. ಆದರೆ ಕೇಳುವುದೇನಿದೆ? ರುವಾಂಡ ಎಂದ ಮೇಲೆ ತೊಂಬತ್ತನಾಲ್ಕನೆಯ ಇಸವಿಯ ಆ ಹತ್ಯಾಕಾಂಡ ಯಾರಿಗೆ ಗೊತ್ತಿಲ್ಲ? ಅಂದು ನಾವು ಪೇಪರಿನಲ್ಲಿ ಓದಿ ಮಡಿಚಿಟ್ಟೆವು. ಆದ್ದರಿಂದ ಅವರಿಗೆ ಹೇಳು: ಅದು ಗಾಸ್ಪಾರನ ತಮ್ಮನ ಮನೆ. ಆ ವರ್ಷ ತಮ್ಮ, ಅವನ ಹೆಂಡತಿ, ಎಲ್ಲರೂ ಹೋದರು. ಗೇಟಿಗೆ ಬೀಗ ಹಾಕಿದವನು ಅಣ್ಣನೇ. ಅವರು ಬರುವುದಿಲ್ಲ ಎಂದು ಗೊತ್ತು. ಆದರೂ ಗುಡಿಸುತ್ತಾನೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಇದಕ್ಕೆ ಪೊಯೆಟಿಕ್ ಏನೋ ಅನ್ನುತ್ತಿದ್ದರು. ಜಸ್ಟೀಸೋ, ಲೈಸೆನ್ಸೋ, ಎರಡರಲ್ಲೊಂದು.

ಶರ್ಟಿನ ವಿಷಯ ನನಗೆ ಹೊಳೆಯಲಿಲ್ಲ. ಶುಚಿಯಾದ ಮನುಷ್ಯ ಅಂತ ಇಟ್ಟುಕೊ.

ನಿನ್ನ,
ರಘುನಾಥ


ಬ್ಯಾಲಂಟೈನ್
೨೨ ಜನವರಿ ೨೦೨೩

ಪ್ರೀತಿಯ ರಘು ಅಂಕಲ್,

ಈ ಸಲ ನಾನೇ ಬರೆಯುತ್ತಿದ್ದೇನೆ, ಮಾವ ಮಲಗಿದ್ದಾರೆ. ನಿಮ್ಮ ಎರಡನೆಯ ಕಾಗದ ಓದಿದ ದಿನ ನಮ್ಮ ಮನೆಯಲ್ಲಿ ಯಾರೂ ಕಾಫಿ ಮುಟ್ಟಲಿಲ್ಲ. ರಾಜಲಕ್ಷ್ಮಿ ಆಂಟಿ ಬಹಳ ಹೊತ್ತು ಅತ್ತರು. ನಾನು ಎರಡೂ ಕಾಗದಗಳನ್ನು ಟೈಪ್ ಮಾಡಿ ಅಟ್ಲಾಂಟಾದಲ್ಲಿರುವ ನನ್ನ ಅಣ್ಣ ಅವಿನಾಶನಿಗೆ ಕಳಿಸಿದೆ. ಅವನು ಅಲ್ಲಿನ ಕನ್ನಡದವರ ಗ್ರೂಪಿಗೆ ಹಾಕಿದ, ಅಲ್ಲಿಂದ ನಿಮ್ಮ ಹತ್ತಿರದ ಶ್ಯಾಂಟಿಲಿಯವರಿಗೂ ಹೋಯಿತಂತೆ. ಇಷ್ಟು ಜನ ರುವಾಂಡದ ಒಂದು ಚಿತ್ರದ ಬಗ್ಗೆ ಮಾತಾಡುತ್ತಿದ್ದಾರೆ, ಅದೂ ನೋಡದೆ!

ಅದಕ್ಕೇ ನಾವೊಂದು ಪ್ಲಾನ್ ಮಾಡಿದ್ದೇವೆ. ಮಾರ್ಚ್ ೨೫ರಂದು ನಮ್ಮ ಕ್ಲಬ್‌ಹೌಸ್ ಬುಕ್ ಮಾಡಿದ್ದೇವೆ. ಉವೇರಾ ಅವರನ್ನು ನೀವೇ ಕರೆದುಕೊಂಡು ಬರಬೇಕು. ಪ್ರಶಾಂತ್ ಪ್ರೊಜೆಕ್ಟರ್ ತರುತ್ತಾರೆ. ಅವಿನಾಶ್ ಫ್ಲಯರ್ ಕೂಡ ಮಾಡಿದ್ದಾನೆ, ಜೊತೆಗಿಟ್ಟಿದ್ದೇನೆ. ಮೇಣದಬತ್ತಿ ಚೆನ್ನಾಗಿ ಬಂದಿದೆ, ಅಲ್ಲವಾ?

ನಿಮ್ಮ,
ಶ್ರೀಲತಾ


ಕೊಲಂಬಿಯಾ
೧೯ ಫೆಬ್ರವರಿ ೨೦೨೩

ಪ್ರಿಯ ತ್ಯಾಗರಾಜ,

ಇದನ್ನು ಜನರ ಮುಂದೆ ಓದಿಸಬೇಡ. ನೀನೊಬ್ಬನೇ ಕೇಳು.

ಉವೇರಾ ಗುರುವಾರ ಬಂದಳು. ನನಗೆ ಊರಿನಿಂದ ಕಾಫಿಪುಡಿ ತಂದಿದ್ದಳು. ನೀತಾ ಖುಷಿಯಲ್ಲಿ ಫ್ಲಯರ್ ತೆಗೆದು ತೋರಿಸಿದಳು. ಕಪ್ಪು ಹಿನ್ನೆಲೆ, ಒಂದು ಮೇಣದಬತ್ತಿ, ಕೆಳಗೆ ಇಂಗ್ಲಿಷಿನಲ್ಲಿ: ಹತ್ಯಾಕಾಂಡದಲ್ಲಿ ತಮ್ಮನನ್ನು ಕಳೆದುಕೊಂಡ ವೃದ್ಧನ ಮನಕಲಕುವ ಕಥೆ. ಅವಳು ಅದನ್ನು ಎರಡು ಸಲ ಓದಿದಳು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲೇ, ನಿನಗೆ ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಈ ತಮ್ಮ ಯಾರು?"

ನಾನು ಹೇಳಿದೆ. ಜನ ಕೇಳಿದರು, ನೀನಿರಲಿಲ್ಲ, ಆದ್ದರಿಂದ ಪೊಯೆಟಿಕ್ ಲೈಸೆನ್ಸ್ ತೆಗೆದುಕೊಂಡು ನಾನೇ ಕಲ್ಪಿಸಿದೆ, ಎಂದು.

"ಆ ಲೈಸೆನ್ಸ್ ನಿಮಗೆ ಕೊಟ್ಟವರು ಯಾರು, ಮುಜೇಹೆ?"

ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಆಮೇಲೆ ಹೇಳಿದಳು. ಆ ಮನೆ ಕಾನ್ಸೊಲಾತಾ ಎಂಬ ಹೆಂಗಸಿನದಂತೆ. ಮಗಳ ಬಾಣಂತನಕ್ಕೆ ಬೆಲ್ಜಿಯಂಗೆ ಹೋಗಿದ್ದಾಳೆ. ಯಾವಾಗ ಬರುತ್ತಾಳೋ ಗೊತ್ತಿಲ್ಲ. ಮುದುಕನಿಗೆ ಅವಳೆಂದರೆ ಇಷ್ಟ. ಹೇಳಿಕೊಳ್ಳಲು ಧೈರ್ಯವಿಲ್ಲ. ಬೀದಿಗೆಲ್ಲ ಗೊತ್ತು, ಅವಳೊಬ್ಬಳನ್ನು ಬಿಟ್ಟು. ಉವೇರಾಳ ಸೋದರಮಾವನೇ ಹಾಗಿದ್ದನಂತೆ. ಅವನನ್ನು ನೋಡಿಯೇ ಬರೆದದ್ದು.

"ಅದು ನಗೋ ಸಿನಿಮಾ, ಮುಜೇಹೆ. ನಾನು ಮಾಡಿದ್ದು ತಮಾಷೆಯ ಸಿನಿಮಾ! ಎಲ್ಲಿ ತೋರಿಸಿದರೂ ಜನ ಸಾವಿನ ಮನೆಗೆ ಬಂದವರ ಹಾಗೆ ಕೂತಿರ್ತಾರೆ. ಮುಗಿದ ಮೇಲೆ ಬಂದು ನನ್ನ ಕೈ ಹಿಡ್ಕೊಂಡು ಸಾರಿ ಅಂತಾರೆ. ಯಾತಕ್ಕೆ ಸಾರಿ? ಒಬ್ಬರೂ ನಗಲಿಲ್ಲ, ಒಂದು ಸಲವೂ. ನನಗೇ ಅನುಮಾನ ಬಂದುಬಿಟ್ಟಿದೆ, ನನಗೆ ಸಿನಿಮಾ ಮಾಡೋಕೆ ಬರಲ್ವೇನೋ ಅಂತ. ನೀವು ನನ್ನ ಹೆಪ್ಪು ತಿಂದವರು. ನೀವಾದ್ರೂ ನಗ್ತೀರಾ ಅಂತ ನಿಮ್ಮ ಮುಖ ನೋಡ್ತಾ ಕೂತಿದ್ದೆ."

ನಾನು ಕನ್ನಡಕ ಒರೆಸಿಕೊಂಡದ್ದು ನೆನಪಾಯಿತು.

"ನಮ್ಮ ಮನೇಲೂ ಸತ್ತವರಿದ್ದಾರೆ. ಅವರ ಕಥೆ ಹೇಳಬೇಕು ಅನ್ನಿಸಿದ ದಿನ ನಾನು ಹೇಳ್ತೀನಿ. ಈ ಮನೆ ಖಾಲಿ ಇತ್ತು, ಅಷ್ಟೆ. ಒಳಗೆ ಹೆಣ ಇಟ್ಟವರು ನೀವು."

ಐ ಬೆಗ್ ಯುವರ್ ಪಾರ್ಡನ್ ಎಂದೆ. ರೇಲ್ವೆಯಲ್ಲಿ ಮೇಲಧಿಕಾರಿಗೆ ಬರೆದ ಹಾಗೆ ಕೇಳಿಸಿತು. ಅವಳು ಕಾಫಿಪುಡಿಯನ್ನು ಮೇಜಿನ ಮೇಲೆ ಇಟ್ಟು ಕೆಳಗೆ ಹೋದಳು. ಶಾರ್ಲಟ್‌ಗೆ ಸಿನಿಮಾ ಕೊಡುವುದಿಲ್ಲ ಎಂದು ನೀತಾಳಿಗೆ ಹೇಳಿದ್ದಾಳೆ. ಶ್ರೀಲತಾಳಿಗೆ ಈ ಮಾತನ್ನು ಹೇಗೆ ತಿಳಿಸುತ್ತೀಯೋ ಎಂದು ಬರೆಯಹೊರಟೆ. ಆದರೆ ಇದನ್ನು ಓದುತ್ತಿರುವವಳೇ ಅವಳು. ತಪ್ಪು ನಿನ್ನದಲ್ಲಮ್ಮ.

ರಘುನಾಥ


ಬ್ಯಾಲಂಟೈನ್
೨೬ ಫೆಬ್ರವರಿ ೨೦೨೩

ರಘು,

ಮೊದಲು ನಗು ಬಂತು. "ಶರ್ಟು! ಶರ್ಟು!" ಎಂದು ಕೂಗಿಕೊಂಡೆ. ಮಾತ್ರೆ ಹೆಚ್ಚಾಯಿತೇನೋ ಎಂದು ಮಗರಾಯ ಪ್ರಶಾಂತ್ ಮಾಳಿಗೆಯಿಂದ ಓಡಿಬಂದ. ಆಮೇಲೆ ನಾಚಿಕೆಯಾಯಿತು. ನೀನು ಶರ್ಟನ್ನೂ ಬಾಚಣಿಗೆಯನ್ನೂ ಸರಿಯಾಗಿಯೇ ಹೇಳಿದ್ದೆ. ನಾವು ಕೇಳಿಸಿಕೊಂಡು, ಅದನ್ನು ಪಕ್ಕಕ್ಕಿಟ್ಟು, ಸಾವು ಎಲ್ಲಿ, ಸಾವು ಎಲ್ಲಿ ಎಂದು ಕೇಳಿದೆವು. ನೀನು ಕೊಟ್ಟೆ. ಕೊಟ್ಟವನ ತಪ್ಪು ಎಷ್ಟೋ ಕೇಳಿದವರದ್ದೂ ಅಷ್ಟೇ.

ಎಲ್ಲರಿಗೂ ಹೇಳಿದ್ದೇನೆ. ರಾಜಲಕ್ಷ್ಮಿ, "ಅಯ್ಯೋ, ಬದುಕಿದ್ದಾಳಾ ಆ ಮನೆಯವಳು? ಅಷ್ಟು ಅತ್ತಿದ್ದೆಲ್ಲ ದಂಡ!" ಅಂದರು. ಅವಿನಾಶ ಫ್ಲಯರ್ ತೆಗೆದಿದ್ದಾನೆ. ಕ್ಲಬ್‌ಹೌಸಿನ ಬುಕಿಂಗ್ ಕ್ಯಾನ್ಸಲ್ ಮಾಡಲು ನಾನು ಬಿಟ್ಟಿಲ್ಲ.

ಬೀಗ ಹಾಕಿದ ಮನೆ ಕಂಡ ಕೂಡಲೇ ನಿನಗೆ ಅದೇ ಯಾಕೆ ತೋಚಿತು ಎಂದು ನಾನು ಕೇಳುವುದಿಲ್ಲ.

ತ್ಯಾಗರಾಜ

(ಅಂಕಲ್, ಮೇಣದಬತ್ತಿ ಹಾಕು ಅಂದವಳು ನಾನೇ. ಅವರಿಗೆ ನನ್ನ ಸಾರಿ ತಿಳಿಸಿ. ಬೇಡ, ಸಾರಿ ಅನ್ನಬೇಡಿ. ಬೇರೆ ಏನಾದರೂ ಹೇಳಿ. — ಶ್ರೀಲತಾ)


ಕೊಲಂಬಿಯಾ
೧೨ ಮಾರ್ಚ್ ೨೦೨೩

ಪ್ರಿಯ ತ್ಯಾಗರಾಜ,

ನೀನು ಕೇಳದೆ ಬಿಟ್ಟದ್ದಕ್ಕೆ ಮೊದಲು ಉತ್ತರ. ಮೈಸೂರಿನ ಮನೆಗೆ ಬೀಗ ಹಾಕಿ ಅದನ್ನು ಎರಡು ಸಲ ಜಗ್ಗಿ ನೋಡಿ ಬಂದವನು ನಾನು. ಬೀಗ ಹಾಕುವುದು ಯಾವಾಗಲೂ ನಳಿನಿಯ ಕೆಲಸವಾಗಿತ್ತು. ಅಷ್ಟೇ.

ಒಂದು ವಾರ ಉವೇರಾಳ ಬಾಗಿಲು ತಟ್ಟಲಿಲ್ಲ. ಕೂತು ಸಿನಿಮಾವನ್ನು ಮತ್ತೆ ಬರೆದೆ. ನೋಡಿದ್ದಷ್ಟೇ. ತಮ್ಮನನ್ನು ತೆಗೆದೆ. ಅವಳು ಆಮೇಲೆ ಹೇಳಿದ ಕಾನ್ಸೊಲಾತಾಳನ್ನೂ ಸೇರಿಸಲಿಲ್ಲ, ಏಕೆಂದರೆ ಅವಳು ತೆರೆಯ ಮೇಲೆ ಬರುವುದಿಲ್ಲ. ಬೀಗ, ಪೊರಕೆ, ಶರ್ಟು, ಬಾಚಣಿಗೆ. ಬರೆಯುತ್ತ ಬರೆಯುತ್ತ ಕೊಡೆಯ ಹತ್ತಿರ ಬಂದಾಗ, ಮುದುಕ ತಾನು ನೆನೆಯುತ್ತ ಕೊಡೆಯನ್ನು ಶರ್ಟಿನ ಕಾಲರಿನ ಮೇಲೆ ಮಾತ್ರ ಓರೆಯಾಗಿ ಹಿಡಿದದ್ದು ನೆನಪಿಗೆ ಬಂತು. ಒಬ್ಬನೇ ನಕ್ಕುಬಿಟ್ಟೆ. ನೀತಾ ಅಡುಗೆಮನೆಯಿಂದ, "ಅಪ್ಪಾ, ಯಾರ ಜೊತೆ?" ಅಂದಳು. ಈ ಮನೆಯಲ್ಲಿ ನಾನು ಹಾಗೆ ನಕ್ಕದ್ದು ಅವಳು ಕೇಳಿರಲಿಲ್ಲ.

ಬರೆದದ್ದನ್ನು ಹಿಡಿದು ಕೆಳಗೆ ಹೋದೆ. ಒಂದೊಂದೇ ಸಾಲು ಕನ್ನಡದಲ್ಲಿ ಓದಿ, ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಎಡಿಟಿಂಗ್ ಮಾಡುತ್ತಲೇ ಕೇಳಿದಳು, ತಿರುಗಲಿಲ್ಲ. ಕೊಡೆಯ ಜಾಗ ಬಂದಾಗ ನನಗೆ ಮತ್ತೆ ನಗು ಬಂತು, ತಡೆಯಲಾಗಲಿಲ್ಲ. ಆಗ ತಿರುಗಿದಳು.

"ಯಾಕೆ ನಕ್ಕಿರಿ?"

"ಕಾಲರು," ಎಂದೆ. ಬೇರೆ ಇಂಗ್ಲಿಷ್ ಬರಲಿಲ್ಲ.

ಅವಳು ಕುರ್ಚಿ ಎಳೆದುಕೊಟ್ಟಳು. ಕೂತು ಗೌರಾಬಾಯಿಯ ಕಥೆ ಹೇಳಿದೆ. ಸಾಯದ ನಾಯಕಿಯರು, ಮೊರ, ನೀನು ಗೇಟ್‌ಕೀಪರನ ಪಟ್ಟಿ ಹಿಡಿದದ್ದು. ಕೇಳುತ್ತ ಕೇಳುತ್ತ ಅವಳ ಮುಖ ಬದಲಾಯಿತು. ಅವರ ಊರಿನಲ್ಲೂ ಹೀಗೆಯೇ ಇತ್ತಂತೆ ಕಣೋ! ಅವಳು ಚಿಕ್ಕವಳಿದ್ದಾಗ ಬೀದಿಯ ಕೊನೆಯಲ್ಲಿ ಒಂದು ವಿಡಿಯೊ ಶೆಡ್ಡು. ಹೊರದೇಶದ ಸಿನಿಮಾ ಹಾಕಿ, ಒಬ್ಬ ಮೈಕ್ ಹಿಡಿದು ಎಲ್ಲ ಪಾತ್ರಗಳ ಮಾತನ್ನೂ ತಾನೇ ಅವರ ಭಾಷೆಯಲ್ಲಿ ಹೇಳುತ್ತಿದ್ದ. ಬರುತ್ತಿದ್ದವುಗಳಲ್ಲಿ ನಮ್ಮ ದೇಶದವೂ ಇದ್ದವು. ಹಾಡು ಉದ್ದವಾದರೆ, "ಇವರು ಕುಣಿಯೋದು ಮುಗಿಯೋದ್ರೊಳಗೆ ಮನೆಗೆ ಹೋಗಿ ಊಟ ಮಾಡ್ಕೊಂಡು ಬನ್ನಿ" ಅನ್ನುತ್ತಿದ್ದನಂತೆ. ತನಗೆ ತೋಚಿದ್ದನ್ನೆಲ್ಲ ಸೇರಿಸುತ್ತಿದ್ದ. ಇಲ್ಲಿಗೆ ಬಂದ ಮೇಲೆ ಆ ಸಿನಿಮಾಗಳಲ್ಲಿ ಒಂದನ್ನು ಹುಡುಕಿ ನೋಡಿದಳಂತೆ. ಅವಳಿಗೆ ಬಹಳ ಇಷ್ಟವಾಗಿದ್ದ ಮಾತು ಅದರಲ್ಲಿ ಇರಲೇ ಇಲ್ಲ.

"ನಾನೂ ಕಂಪ್ಯೂಟರ್ ಮೇಲೆ ಸಿಟ್ಟು ಮಾಡಿಕೊಂಡೆ," ಎಂದಳು. "ಯಾರೋ ಕಟ್ ಮಾಡಿದ್ದಾರೆ ಅಂತ." ಆಮೇಲೆ, "ಆದರೆ ಅವನು ಸೇರಿಸಿದ್ದು ನಾವು ನಗಲಿ ಅಂತ, ಮುಜೇಹೆ," ಎಂದಳು.

ನಾನು ತಲೆ ತಗ್ಗಿಸಿದೆ.

ನಾನು ಎದ್ದಾಗ, ಡಾಕ್ಟರ್ ಸಿನಿಮಾವನ್ನು ಹೇಗೆ ನೋಡುತ್ತಾರೆ ಎಂದು ಕೇಳಿದಳು. ನಾನು ಹೇಳಿದರೆ ನೋಡುತ್ತಾನೆ ಎಂದೆ. ಹಾಗಾದರೆ ಬರುತ್ತಾಳಂತೆ. ಕರಾರು ಒಂದೇ. ನಾನು ನಿನ್ನ ಪಕ್ಕ ನಿಂತು, ಮೈಕ್ ಹಿಡಿದು, ಶೆಡ್ಡಿನವನ ಹಾಗೆ ಹೇಳಬೇಕು. ಆದರೆ ತೆರೆಯ ಮೇಲೆ ಇದ್ದದ್ದಕ್ಕಿಂತ ಒಂದು ಮಾತೂ ಹೆಚ್ಚಿಗೆ ಹೇಳುವಂತಿಲ್ಲ. ಮಾರ್ಚ್ ೨೫ ತಿಂಗಳ ಕೊನೆಯ ಶನಿವಾರ ಎಂಬುದನ್ನು ಅವಳೇ ಗಮನಿಸಿದಳು.

ಇವತ್ತು ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಅವಳ ಬಟ್ಟಲು ಇತ್ತು.

ನಿನ್ನ,
ರಘುನಾಥ


ಕೊಲಂಬಿಯಾ
೨ ಏಪ್ರಿಲ್ ೨೦೨೩

ಪ್ರಿಯ ತ್ಯಾಗರಾಜ,

ನಾವು ಊರು ಮುಟ್ಟಿದೆವು. ನೀತಾಳ ಕಾರಿನ ಮೇಲೆ ನಿಮ್ಮ ಕೆರೊಲಿನಾದ ಹಳದಿ ಪರಾಗ ಇನ್ನೂ ಅಂಟಿಕೊಂಡಿದೆ, ತೊಳೆದರೂ ಹೋಗದು. ಶ್ರೀಲತಾಳ ಬಿಸಿಬೇಳೆ ಭಾತಿನ ಡಬ್ಬಿಯನ್ನು ಉವೇರಾ ದಾರಿಯಲ್ಲೇ ಮುಗಿಸಿದಳು. ನಿಮ್ಮೆಲ್ಲರಿಗೆ ಎಷ್ಟು ಕೃತಜ್ಞನೆಂದು ಬರೆಯಲು ಹೋದರೆ ಕರ್ಡ್ಸ್ ಇಂಗ್ಲಿಷಿಗೇ ಹೋಗಿ ನಿಲ್ಲುತ್ತೇನೆ, ಬೇಡ.

ಅಂದು ನೀನು ಅಲ್ಲೇ ಇದ್ದೆ, ನಾನು ಹೊಸದಾಗಿ ಹೇಳುವಂಥದ್ದು ಏನೂ ಇಲ್ಲ ಎಂದುಕೊಂಡಿರುತ್ತೀಯೆ. ಇದೆ. ನೀನು ಕೇಳಿಸಿಕೊಂಡೆ; ಕಂಡದ್ದು ನಾನು. ಅದನ್ನು ಹೇಳುವುದು ನನ್ನ ಕೆಲಸವಲ್ಲವೇ.

ದೀಪ ಆರಿಸಿದರು. ಮುಂದಿನ ಸಾಲಿನಲ್ಲಿ ನೀನು, ಪಕ್ಕದಲ್ಲಿ ಮೈಕ್ ಹಿಡಿದು ನಾನು, ನನ್ನ ಆಚೆಗೆ ಗೋಡೆಗೆ ಒರಗಿ ನಿಂತು ಉವೇರಾ. ಅವಳು ತೆರೆಯನ್ನು ನೋಡುತ್ತಿರಲಿಲ್ಲ. ಜನರ ಮುಖ ನೋಡುತ್ತಿದ್ದಳು. ಕೈ ಕಟ್ಟಿಕೊಂಡಿದ್ದಳು, ಬೆರಳು ತೋಳಿನೊಳಗೆ ಹೂತುಹೋಗುವಷ್ಟು ಬಿಗಿಯಾಗಿ. ಇದ್ದಿಲು ಊದಿದ, ನಾನು ಹೇಳಿದೆ. ಇಸ್ತ್ರಿ ಹಾಕಿದ, ಹೇಳಿದೆ. ಸಭೆ ಸದ್ದಿಲ್ಲದೆ ಕೂತಿತ್ತು. ಅವಳ ಮುಖ ಇನ್ನಷ್ಟು ಬಿಗಿಯಾಯಿತು.

ಆಮೇಲೆ ಮುದುಕ ನೀಲಿ ಗೇಟಿನ ಮುಂದೆ ನಿಂತ. ನೀನು, ಮೈಕ್ ಇದೆ ಎಂಬ ಪರಿವೆಯೇ ಇಲ್ಲದೆ, ಇಡೀ ಸಭೆಗೆ ಕೇಳಿಸುವ ಹಾಗೆ ಶುರುಮಾಡಿದೆಯಲ್ಲ.

"ಈಗೇನ್ ಮಾಡ್ತಿದಾನೆ?"

"ಗುಡಿಸ್ತಿದಾನೆ."

"ಅವನ ಮನೆ ಮುಂದೇನಾ?"

"ಅಲ್ಲ. ಪಕ್ಕದ ಮನೆ ಮುಂದೆ."

"ಬೀಗ?"

"ಹಾಕಿದೆ."

"ಶರ್ಟು?"

"ಇಸ್ತ್ರಿ ಆಗಿದೆ."

"ತಲೆ?"

"ಬಾಚಿದಾನೆ."

ಹಿಂದಿನಿಂದ ಯಾರೋ ಮೂಗಿನಲ್ಲಿ ಸದ್ದು ಮಾಡಿದರು. ಉವೇರಾ ತಟ್ಟನೆ ಆ ಕಡೆ ನೋಡಿದಳು. ಅಷ್ಟರಲ್ಲಿ ಕರ್ಚೀಫು ಬಂತು, ಗೇಟು ಒರೆಸಿದ. ರಾಜಲಕ್ಷ್ಮಿಯವರು ತಡೆಯಲಾರದೆ, "ಅಯ್ಯೋ, ಈ ಮುದುಕನ ಸಂಭ್ರಮ ನೋಡ್ರೀ!" ಅಂದರು. ಅಲ್ಲಿಗೆ ಕಟ್ಟೆ ಒಡೆಯಿತು. ನಗುವನ್ನು ನೀನೂ ಕೇಳಿದೆ, ಕುರ್ಚಿಗಳು ಅಲುಗಿದ್ದನ್ನೂ ಕೇಳಿದೆ.

ಕೇಳದಿದ್ದದ್ದು ಇದು. ಉವೇರಾ ನನ್ನ ತೋಳು ಹಿಡಿದು, "ಏನಂದರು? ಏನಂದರು?" ಎಂದಳು. ಮೈಕ್ ಬಿಡುವಂತಿರಲಿಲ್ಲ, 'ಸಂಭ್ರಮ' ಎಂಬ ಮಾತಿಗೆ ನನಗೆ ಇಂಗ್ಲಿಷೂ ಸಿಗಲಿಲ್ಲ. ಅವಳು ಕಾಯಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಆ ಕತ್ತಲಲ್ಲಿ ಒಂದೊಂದೇ ಮುಖ ನೋಡುತ್ತ ಹೋದಳು. ಶ್ರೀಲತಾ ಪ್ರಶಾಂತನ ಹೆಗಲ ಮೇಲೆ ಬಿದ್ದು ನಗುತ್ತಿದ್ದಳು. ಅವಿನಾಶ ಕನ್ನಡಕ ತೆಗೆದಿದ್ದ. ಕೊಡೆ ಕಾಲರಿನ ಮೇಲೆ ಓರೆಯಾದಾಗ, ನಾನು ಅದನ್ನು ಹೇಳುವ ಮೊದಲೇ ಸಭೆ ನಕ್ಕಿತು. ಅವಳು ಗೋಡೆಗೆ ಒರಗಿದಂತೆಯೇ ಜಾರಿ ನೆಲಕ್ಕೆ ಕೂತಳು, ನನ್ನ ಇಂಗ್ಲಿಷ್ ಕೇಳಿ ಮೆಟ್ಟಿಲ ಮೇಲೆ ಕೂತಿದ್ದಳಲ್ಲ, ಹಾಗೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಗುತ್ತಿದ್ದಳು.

ಮುಗಿದ ಮೇಲೆ ಯಾರೂ ಅವಳ ಕೈ ಹಿಡಿದು ಸಾರಿ ಅನ್ನಲಿಲ್ಲ. ರಾಜಲಕ್ಷ್ಮಿಯವರು ನೇರ ಬಂದು, "ಅವಳು ವಾಪಸ್ ಬರ್ತಾಳೋ ಇಲ್ವೋ, ಅಷ್ಟು ಹೇಳಮ್ಮ," ಎಂದು ಜಗಳಕ್ಕೆ ನಿಂತರು. ಉವೇರಾ ನನ್ನ ಕಡೆ ನೋಡಿದಳು. ನಾನು ಮೈಕನ್ನು ಮೇಜಿನ ಮೇಲೆ ಇಟ್ಟೆ.

ಶ್ಯಾಂಟಿಲಿಯವರು ಕರೆದಿದ್ದಾರೆ. ಅಟ್ಲಾಂಟಾಕ್ಕೂ ಹೋಗಬೇಕಂತೆ. ಹೇಳುವವನನ್ನೂ ಕರೆದುಕೊಂಡು ಬರಬೇಕೆಂದು ಅಲ್ಲಿನವರು ಕೇಳಿದ್ದಾರೆ. ನೀತಾ ಇಸ್ತ್ರಿಪೆಟ್ಟಿಗೆ ಎಲ್ಲಿಟ್ಟಿದ್ದಾಳೋ ನೋಡಬೇಕು.

ನಿನ್ನ,
ರಘುನಾಥ